ಕೋಳಿಕಾಲಿನ ಗುರುತು ಮತ್ತು ನನ್ನ ನಲವತ್ತೆಂಟು ನಂಬರು

ಈ ಸಂಗತಿಯನ್ನು ಬರೆಯಬೇಕೆಂದು ನಾಲ್ಕು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲ ವರ್ಷ ಕನ್ನಡಕ ಸರಿಯಿಲ್ಲ ಎಂಬ ನೆಪ. ಎರಡನೆಯ ವರ್ಷ ಹೊಸ ಕನ್ನಡಕ ಬಂತು, ಪೆನ್ನು ಸರಿಯಿಲ್ಲ ಎಂದೆ. ಮೂರನೆಯ ವರ್ಷ ಎರಡೂ ಸರಿಯಿದ್ದವು, ಬರೆಯುವ ಮನುಷ್ಯ ಸರಿಯಿರಲಿಲ್ಲ! ಈಗ ಎಪ್ಪತ್ತೊಂದು ತುಂಬಿದೆ. ಇನ್ನು ನೆಪ ಹುಡುಕುವ ತ್ರಾಣವೂ ಇಲ್ಲ. ಈ ಕಥೆಯಲ್ಲಿ ಒಂದು ಮನೆ ಬೀಳುತ್ತದೆ, ಅದರ ಜೊತೆಗೆ ಒಬ್ಬ ಬಡಗಿಯ ಹೆಸರೂ ಬೀಳುತ್ತದೆ. ಮನೆ ಆಮೇಲೆ ಎದ್ದು ನಿಂತಿತು. ಹೆಸರು ಇನ್ನೂ ಬಿದ್ದೇ ಇದೆ. ಕೆಡವಿದವನು ನಾನು.

ಮನೆ ಇರುವುದು ಜೋಯಿಡಾ ರಸ್ತೆಯಲ್ಲಿ. ಅದು ನನ್ನ ಹೆಂಡತಿ ನೀಲವ್ವನ ಅಪ್ಪನಿಂದ ಬಂದದ್ದು. ಆತ ಒಬ್ಬ ಕಟ್ಟಿಗೆ ಗುತ್ತಿಗೆದಾರನ ಹತ್ತಿರ ಕಾವಲುಗಾರನಾಗಿದ್ದ. ಗುತ್ತಿಗೆದಾರ ತನ್ನ ವಾಸಕ್ಕೆಂದು ಇಡೀ ಇಡೀ ಮತ್ತಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಈ ಮನೆ ಕಟ್ಟಿಸಿದ್ದ. ಕೆಲಸ ಮುಗಿಸಿ ಊರಿಗೆ ಹೋಗುವಾಗ ಕಾವಲುಗಾರನಿಗೇ ಕೊಟ್ಟು ಹೋದ. ಗೋಡೆಯಲ್ಲಿ ಒಂದು ಮೊಳೆಯಿಲ್ಲ. ದಿಮ್ಮಿಯ ತುದಿಯಲ್ಲಿ ಗಾಡಿ, ಅಂದರೆ ಕಚ್ಚು, ಕೊರೆದು, ಎರಡೂ ಕೈಯ ಬೆರಳು ಹೆಣೆದಂತೆ ಮೂಲೆಯಲ್ಲಿ ಕೂರಿಸಿದ್ದರು. ಹೇಗೆ ನಿಂತಿದೆ ಇದು? ನಿವೃತ್ತನಾಗಿ ಅಲ್ಲಿಗೆ ಬಂದ ದಿನದಿಂದ ನನ್ನ ತಲೆಯಲ್ಲಿ ಇದೊಂದೇ ಪ್ರಶ್ನೆ.

ನಾನು ಎಸ್ಸೆಸ್ಸೆಲ್ಸಿ ಪಾಸು. ಮೂವತ್ತಮೂರು ವರ್ಷ ದಾಂಡೇಲಿಯ ನಾಟಾ ಡಿಪೋದಲ್ಲಿ ದಿಮ್ಮಿ ಅಳೆದವನು. ದಿಮ್ಮಿಯ ತಲೆಗೆ ನಂಬರು ಹಾಕುವುದು, ಉದ್ದ ಮತ್ತು ಸುತ್ತಳತೆಯನ್ನು ರಿಜಿಸ್ಟರಿನಲ್ಲಿ ಬರೆಯುವುದು, ದಪ್ಪದ ಪ್ರಕಾರ ಪೇರಿಸಿ ಅಟ್ಟಿ ಹಚ್ಚಿಸುವುದು ನನ್ನ ಕೆಲಸ. ದಿಮ್ಮಿಯನ್ನು ಬಲ್ಲವನಿಗೆ ದಿಮ್ಮಿಯ ಮನೆ ಯಾವ ಲೆಕ್ಕ!

ಶುರುವಾದದ್ದು ಒಂದು ಸ್ಕ್ರೂಡ್ರೈವರಿನಿಂದ. ದಿಮ್ಮಿಗಳ ಸಂದಿಗೆ ಮೆತ್ತಿದ್ದ ಮಣ್ಣನ್ನು ಮೆಲ್ಲಗೆ ಕೆದರುತ್ತಿದ್ದೆ.

"ಏನ್ ಮಾಡಾಕ್ಹತ್ತೀರಿ?" ಎಂದಳು ನೀಲವ್ವ.

"ಒಳಗ ಏನೈತಿ ಅಂತ ನೋಡಾಕ್ಹತ್ತೇನಿ."

"ಒಳಗ ಮಣ್ಣೈತಿ. ಹೊರಗ ನೀವದೀರಿ. ಸುಮ್ಮನ ಕುಂದರ್ರಿ."

ನಾನು ಸುಮ್ಮನೆ ಕೂತು ಕೆದರಿದೆ. ಮರುದಿನ ಬೆಳಿಗ್ಗೆ ನಾಷ್ಟಾ ಮಾಡುವಾಗ ಗೋಡೆಯೊಳಗಿಂದ ಪಕ್ಕದ ಮನೆಯ ಗಾಂವಕರ ಮಾಸ್ತರರ ಧ್ವನಿ ಬಂತು. "ಅಕ್ಕಾರ, ಇವತ್ತು ಉಪ್ಪಿಟ್ಟಿಗೆ ಶುಂಠಿ ಜರಾ ಜಾಸ್ತಿ ಆದಂಗ ಕಾಣಸ್ತದ!" ನೋಡಿದರೆ ಮಾಸ್ತರರ ಒಂದು ಕಣ್ಣು, ಅರ್ಧ ಮೂಗು ನಮ್ಮ ಅಡುಗೆಮನೆಯಲ್ಲಿದ್ದವು.

ಒಂದು ಲಾಭವೂ ಆಯಿತೆನ್ನಿ. ಕೆದರುತ್ತ ಕೆಳಗೆ ಹೋದಾಗ ಬುಡದ ಎರಡು ದಿಮ್ಮಿಗಳನ್ನು ಗೆದ್ದಲು ತಿಂದು ಟೊಳ್ಳು ಮಾಡಿದ್ದು ಗೊತ್ತಾಯಿತು. ಹಳಿಯಾಳ ಕಡೆಯ ಹಳ್ಳಿಯಿಂದ ಒಬ್ಬ ಬಡಗಿಯನ್ನು ಕರೆಸಿದೆ. ನಲವತ್ತರ ಆಸುಪಾಸಿನವನು, ಸಿದ್ದಿ ಜನದವನು, ಮಾತು ಕಡಿಮೆ. ಪ್ರತಿಯೊಂದು ದಿಮ್ಮಿಗೂ ಬೆರಳಿನಿಂದ ತಟ್ಟಿ, ಕಿವಿ ಹಚ್ಚಿ ಕೇಳಿದ.

"ಬಿಚ್ಚೂದ್ ಬ್ಯಾಡ್ರಿ ಸಾಹೇಬ್ರ. ಜಾಕ್ ಹಚ್ಚಿ ಎತ್ತೂಣು, ಬುಡದವೆರಡು ಬದಲಿ ಮಾಡಿ ಇಳಸೂಣು. ಎಂಟ್ ದಿನದ ಕೆಲಸ."

ಆಮೇಲೆ ಸ್ವಲ್ಪ ನಾಚಿಕೊಂಡು ಇನ್ನೊಂದು ಮಾತು ಹೇಳಿದ. "ಗಣೇಶಗುಡಿ ಕಡೆ ಒಬ್ಬ ಮಾಲಕರು ರೆಸಾರ್ಟಿನಾಗ ಇಂಥಾವ ಆರು ಮನಿ ಕಟ್ಟಿಸ್ತಾರಂತ. ಈ ಕೆಲಸ ನೋಡಿ ಆಮ್ಯಾಲ ಹೇಳ್ತೇನಿ ಅಂದಾರ. ನಿಮ್ಮ ಮನಿ ಛಲೋ ಆತಂದ್ರ ನಂದೂ ಛಲೋ ಆಗ್ತೈತ್ರಿ."

ಎಷ್ಟು ಸರಳ! ಆದರೆ ಜಾಕ್ ಹಚ್ಚಿದರೆ ಮೂಲೆಯ ಗಾಡಿಯೊಳಗೆ ಏನಿದೆ ಎಂದು ನನಗೆ ಕಾಣುವುದು ಹೇಗೆ?

"ಪೂರಾ ಬಿಚ್ಚೂಣು" ಎಂದೆ.

"ಯಾಕ್ರಿ?"

ನನ್ನಲ್ಲಿ ಕಾರಣವಿರಲಿಲ್ಲ. ಕಾರಣವಿಲ್ಲದಾಗ ಡಿಪೋದ ಭಾಷೆ ಬರುತ್ತದೆ. "ಸದರಿ ಮನೆಯ ಸಮಗ್ರ ತಪಾಸಣೆ ಆಗತಕ್ಕದ್ದು" ಎಂದೆ. ಅವನು ನೀಲವ್ವನ ಮುಖ ನೋಡಿದ. ನೀಲವ್ವ ಆಕಾಶ ನೋಡಿದಳು.

"ಒಲಿ ಹೊರಗ ಹಾಕ್ಬೇಕಾ? ಎಷ್ಟ್ ದಿನ?" ಎಂದಳು.

"ಹದಿನೈದು ದಿನ. ಬರದ್ ಇಟ್ಕೊ ಬೇಕಾದ್ರ!"

ಬರೆದು ಇಟ್ಟುಕೊಳ್ಳಲಿಲ್ಲ, ಪುಣ್ಯ.

ಬಿಚ್ಚುವ ಮೊದಲು ಬಡಗಿ ಇದ್ದಿಲಿನಿಂದ ಪ್ರತಿ ದಿಮ್ಮಿಗೂ ಒಂದು ಗುರುತು ಹಾಕಿದ. ಮೂಡಣ ಗೋಡೆಗೆ ಕೋಳಿಕಾಲು, ಪಡುವಣ ಗೋಡೆಗೆ ಹಾವಿನಂಥ ಗೆರೆ, ಉಳಿದ ಎರಡಕ್ಕೆ ಎಲೆ ಮತ್ತು ಚಕ್ರ. ಪಕ್ಕದಲ್ಲಿ ಬುಡದಿಂದ ಎಷ್ಟನೆಯದೋ ಅಷ್ಟು ಗೀಟು.

"ಇದೇನೋ ಕೋಳಿಕಾಲು?"

"ಕೋಳಿ ಕೂಗೂದು ಈ ಕಡೆ ಹೊತ್ತು ಹುಟ್ಟಿದಾಗಲ್ಲೇನ್ರಿ. ಆ ಕಡೆ ಕಾಳಿ ಹೊಳಿ ಐತಿ, ಅದಕ್ಕ ಹೊಳಿ ಗೆರಿ. ಹಿಂದ ಹಲಸಿನ ಗಿಡ, ಅದಕ್ಕ ಎಲಿ. ಮುಂದ ರಸ್ತಾ, ಅದಕ್ಕ ಗಾಲಿ. ನಮ್ಮಪ್ಪ ಹಿಂಗ ಹಾಕಾಂವ್ರಿ."

ನಾನು ನಕ್ಕೆ. ಮೂವತ್ತಮೂರು ವರ್ಷದ ರಿಜಿಸ್ಟರು ನನ್ನೊಳಗೆ ಕೂತು ನಕ್ಕಿತು.

ನಲವತ್ತೆಂಟು ದಿಮ್ಮಿಗಳು ಒಂದೊಂದಾಗಿ ಕೆಳಗಿಳಿದವು. ಗಾಡಿಯೊಳಗೆ ಏನಿದೆ ಎಂದು ಕೊನೆಗೂ ಇಣುಕಿ ನೋಡಿದೆ. ಒಣ ಪಾಚಿಯಿತ್ತು, ಒಂದು ಸತ್ತ ಜರಿಯಿತ್ತು. ಇದಕ್ಕಾಗಿ ಮನೆ ಬಿಚ್ಚಿದ್ದೆ!

ಬಡಗಿ ಟೊಳ್ಳಾದ ಎರಡನ್ನು ಎಸೆದು, ಅವುಗಳ ಜಾಗಕ್ಕೆ ಹೊಸ ಎರಡನ್ನು ಕೆತ್ತಿಟ್ಟು, ತಂಗಿಯ ಮದುವೆಗೆಂದು ನಾಲ್ಕು ದಿನ ಊರಿಗೆ ಹೋದ. ಹೋಗುವಾಗ, "ಸಾಹೇಬ್ರ, ದಿಮ್ಮಿ ಇದ್ದಂಗ ಇರ್ಲಿ, ಮುಟ್ಟಬ್ಯಾಡ್ರಿ" ಎಂದ. ಹೂಂ ಎಂದೆ. ಅವನು ಬಸ್ಸು ಹತ್ತಿದ ಮೇಲೆ ಅಂಗಳಕ್ಕೆ ಬಂದು ನೋಡಿದರೆ, ಅಬ್ಬಾ, ಎಂಥ ಅವ್ಯವಸ್ಥೆ! ದಪ್ಪದ ಪಕ್ಕ ಸಣ್ಣದು, ಉದ್ದದ ಪಕ್ಕ ಗಿಡ್ಡ. ನನ್ನ ಕೈ ತುರಿಸಿತು.

ಇಬ್ಬರು ಹಮಾಲರನ್ನು ಕರೆದೆ. ಹಸಿ ಗೋಣಿಚೀಲದಿಂದ ಇದ್ದಿಲಿನ ಕೊಳೆಯನ್ನೆಲ್ಲ ತಿಕ್ಕಿ ತೊಳೆಸಿದೆ. ಸುತ್ತಳತೆ ತೆಗೆದೆ. ದಪ್ಪದ್ದು ಮೊದಲು, ಸಣ್ಣದ್ದು ಕೊನೆಗೆ ಅಟ್ಟಿ ಹಚ್ಚಿಸಿ, ಬಿಳಿ ಬಣ್ಣದಲ್ಲಿ ಒಂದರಿಂದ ನಲವತ್ತೆಂಟರವರೆಗೆ ನಂಬರು ಬರೆದೆ. ಗೆದ್ದಲು ಮತ್ತೆ ಬರಬಾರದಲ್ಲ, ತುದಿ ಮತ್ತು ಗಾಡಿಗಳಿಗೆಲ್ಲ ದಪ್ಪಗೆ ಡಾಂಬರು ಬಳಿಸಿದೆ. ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ "ಸುಸ್ಥಿತಿ" ಎಂದು ನಲವತ್ತೆಂಟು ಸಲ ಬರೆದೆ. ಆ ದಿನ ನನಗೆ ಬಂದ ನಿದ್ದೆ ಆಮೇಲೆ ಎಂದೂ ಬರಲಿಲ್ಲ.

ಬಡಗಿ ಮದುವೆಯ ಲಾಡು ಹಿಡಿದುಕೊಂಡು ಬಂದ. ಅಂಗಳದಲ್ಲಿ ನಿಂತ. ಲಾಡಿನ ಪೊಟ್ಟಣ ನಿಧಾನವಾಗಿ ಕೆಳಗಿಳಿಯಿತು.

"ನನ್ನ ಗುರ್ತು ಎಲ್ಲದಾವ್ರಿ?"

"ಎಲ್ಲಾ ರಿಜಿಸ್ಟರಿನ್ಯಾಗ ಐತಿ!"

"ಈ ಒಂದನೇ ನಂಬರ್ ದಿಮ್ಮಿ ಎಲ್ಲಿ ಇತ್ರಿ?"

"ಅದು ಎಲ್ಲಾಕಿಂತ ದಪ್ಪ ಐತಿ."

"ದಪ್ಪ ಖರೆ. ಎಲ್ಲಿ ಇತ್ರಿ?"

ನಾನು ರಿಜಿಸ್ಟರು ನೋಡಿದೆ. ಉದ್ದವಿತ್ತು, ಸುತ್ತಳತೆಯಿತ್ತು, ಸುಸ್ಥಿತಿಯಿತ್ತು. ಎಲ್ಲಿತ್ತು ಎಂಬುದಕ್ಕೆ ಡಿಪೋದಲ್ಲಿ ಕಾಲಮ್ಮೇ ಇರುವುದಿಲ್ಲ. ಅಲ್ಲಿ ದಿಮ್ಮಿ ಎಲ್ಲಿಂದ ಬಂದರೂ ಬರೀ ದಿಮ್ಮಿ!

ಅವನು ತಲೆ ಕೆರೆದುಕೊಂಡು ಹೇಳಿದ. "ಇರ್ಲಿ. ಬಿಚ್ಚಿ ಇಳಿಸಿದ ಮ್ಯಾಲ ಗಾಡಿಯೊಳಗ ಉಳಿಲೇ ಒಂದೊಂದು ಗುರ್ತು ಹೊಡದೇನಿ. ಈ ಡಾಂಬರ ಕೆರದ್ರ ಸಿಗ್ತಾವು. ಒಂದು ವಾರ ಕೊಡ್ರಿ."

"ಡಾಂಬರ ಕೆರೀತಿ? ಮತ್ತ ಗೆದ್ದಲ ಹತ್ತಿದ್ರ? ನಂಬರ್ ಪ್ರಕಾರ ಹಚ್ಚು, ಕೂಡ್ತಾವು."

ಕೂಡಲಿಲ್ಲ. ನಾಲ್ಕು ದಿಮ್ಮಿ ಏರಿಸುವಷ್ಟರಲ್ಲಿ ಗೋಡೆ ನನ್ನ ಹಲ್ಲಿನ ಸಾಲಿನಂತಾಯಿತು. ಹದಿನೇಳನೆಯದು ಯಾವ ಮೂಲೆಗೂ ಕೂರಲಿಲ್ಲ. ಮೂವತ್ತೊಂದನೆಯದು ಕೂತಂತೆ ಮಾಡಿ ನಾಯಿಯ ಅನ್ನದ ತಟ್ಟೆಯ ಮೇಲೆ ಉರುಳಿತು. ಮೊದಲು ಸಂದಿಯಲ್ಲಿ ಕಣ್ಣು ಮೂಗು ತೋರಿಸಿದ್ದ ಗಾಂವಕರ ಮಾಸ್ತರರು ಈಗ ಗೋಡೆಯೊಳಗಿಂದ ಪೂರ್ತಿ ನಡೆದು ಬಂದು, "ಚಹಾ ಆಗ್ಯದೇನು?" ಎಂದರು.

ಅದೇ ಹೊತ್ತಿಗೆ ಕಾರು ಬಂತು. ರೆಸಾರ್ಟಿನ ಮಾಲಕರು ಇಳಿದರು. ಗೋಡೆ ನೋಡಿದರು. "ಇದೇನ್ರಿ ಹಿಂಗ?" ಎಂದು ನನ್ನನ್ನೇ ಕೇಳಿದರು.

ಬಡಗಿಯ ಕೈಯಲ್ಲಿ ಬಾಚಿ ಇತ್ತು. ನೀಲವ್ವ ಒಲೆಯ ಹತ್ತಿರ ಇದ್ದಳು. ಮಾಸ್ತರರು ಚಹಾ ಊದುತ್ತಿದ್ದರು. ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಬಾಯಿ ತಾನಾಗಿ ತೆರೆಯಿತು.

"ಇಂವ ಬಿಚ್ಚೂ ಮುಂದ ಗುರ್ತು ಹಾಕೂದ ಮರತಾನ್ರಿ."

ಅಷ್ಟೇ ಹೇಳಿದ್ದು. ಬಡಗಿ ನನ್ನ ಮುಖ ನೋಡಿದ. ಸಿಟ್ಟಿನಿಂದಲ್ಲ. ದಿಮ್ಮಿಗೆ ಕಿವಿ ಹಚ್ಚಿ ಟೊಳ್ಳೋ ಗಟ್ಟಿಯೋ ಎಂದು ಕೇಳುವಾಗ ಅವನ ಮುಖ ಹೇಗಿರುತ್ತಿತ್ತೋ ಹಾಗೆ. ಬಾಚಿ, ಉಳಿ, ಕೊಡತಿಯನ್ನು ಚೀಲಕ್ಕೆ ಹಾಕಿಕೊಂಡ. ನೀಲವ್ವನಿಗೆ ಮಾತ್ರ "ಬರ್ತೇನ್ರಿ ಅವ್ವಾರ" ಎಂದು ಹೋದ. ಮಾಲಕರ ಕಾರೂ ಹೋಯಿತು. ಆಮೇಲೆ ಆ ರೆಸಾರ್ಟಿನಲ್ಲಿ ಸಿಮೆಂಟಿನ ದಿಮ್ಮಿ ಮಾಡಿ, ಕಂದು ಬಣ್ಣ ಬಳಿದು ಆರು ಮನೆ ಎಬ್ಬಿಸಿದರು. ನಮ್ಮೂರ ಚಹಾದಂಗಡಿಯಲ್ಲಿ ಅವನಿಗೆ "ಗುರ್ತು ಮರತ ಬಡಗಿ" ಎಂಬ ಹೆಸರು ಬಿತ್ತು. ಆ ಮಾತು ನಡೆದಾಗೆಲ್ಲ ನಾನು ಬಿಸ್ಕಿಟ್ಟನ್ನು ಚಹಾದಲ್ಲಿ ಅದ್ದುತ್ತ ಕೂತಿದ್ದೆ.

ನೀಲವ್ವ ನನಗೆ ಬೈಯಲಿಲ್ಲ. ಅದಕ್ಕೇ ಭಯವಾಯಿತು! ತಗಡಿನ ಶೆಡ್ಡಿನಲ್ಲಿ ಎರಡು ಮಳೆಗಾಲ ಅಡುಗೆ ಮಾಡಿದಳು. ಮಳೆ ತಗಡಿನ ಮೇಲೆ ಬಡಿಯುವಾಗ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ನನಗೆ ಅದೇ ಅನುಕೂಲವಾಗಿತ್ತು. ದಿಮ್ಮಿಗಳು ತಾಡಪತ್ರಿಯ ಕೆಳಗೆ ಸುಸ್ಥಿತಿಯಲ್ಲಿದ್ದವು.

ಮೂರನೆಯ ಮಳೆಗಾಲಕ್ಕೆ ಮುಂಚೆ ಒಂದು ಮಧ್ಯಾಹ್ನ ಕರಕರ ಸದ್ದು ಕೇಳಿ ಹೊರಗೆ ಬಂದೆ. ನೀಲವ್ವ ರೊಟ್ಟಿ ಮಗುಚುವ ಸಟ್ಟುಗದಿಂದ ಒಂದು ದಿಮ್ಮಿಯ ಗಾಡಿಯ ಡಾಂಬರು ಕೆರೆಯುತ್ತಿದ್ದಳು.

"ಏನ್ ಮಾಡಾಕ್ಹತ್ತಿ?"

"ಒಳಗ ಏನೈತಿ ಅಂತ ನೋಡಾಕ್ಹತ್ತೇನಿ."

ಒಳಗೆ ಕೋಳಿಕಾಲಿತ್ತು. ಉಳಿಯಿಂದ ಕೊರೆದ, ಮೂರು ಬೆರಳಿನ ಚೊಕ್ಕ ಕೋಳಿಕಾಲು, ಪಕ್ಕದಲ್ಲಿ ಐದು ಗೀಟು.

ನಾವಿಬ್ಬರೂ ಒಂದು ವಾರ ಕೆರೆದೆವು. ಅವನು ಕೇಳಿದ್ದೂ ಒಂದೇ ವಾರ! ಕೋಳಿಕಾಲು ಕೋಳಿಕಾಲಿನ ಮೇಲೆ, ಎಲೆ ಎಲೆಯ ಮೇಲೆ ಏರಿದವು. ಗಾಂವಕರ ಮಾಸ್ತರರೂ ಆ ಹಮಾಲರೂ ಕೈ ಹಚ್ಚಿದರು. ಹದಿನೇಳನೆಯದು ಹೊಳೆ ಕಡೆಯ ಗೋಡೆಯಲ್ಲಿ, ಯಾರೋ ಕೈಹಿಡಿದು ಕೂರಿಸಿದಂತೆ ಕೂತುಬಿಟ್ಟಿತು. ಬುಡಕ್ಕೆ ಎರಡು ಹೊಸ ದಿಮ್ಮಿಗಳನ್ನು ಅವನೇ ಮೊದಲೇ ಕೆತ್ತಿ ಇಟ್ಟಿದ್ದ. ಅವಕ್ಕೂ ಗುರುತಿತ್ತು. ನೀಲವ್ವ ಒಲೆ ಒಳಗೆ ಹಾಕಿ, ಹಾಲು ಉಕ್ಕಿಸಿ, ಲೋಟ ನನ್ನ ಮುಂದಿಟ್ಟು ಕೇಳಿದಳು. "ಅವಂಗ ಹೇಳ್ತೀರೋ, ನಾ ಹೋಗಿ ಹೇಳ್ಲ್ಯೋ?"

"ನಾನ ಹೇಳ್ತೇನಿ" ಎಂದೆ.

ಹೋದ ವರ್ಷ ಬೆಲ್ಲ ತರಲು ಹಳಿಯಾಳಕ್ಕೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಅವನೇ ಎದುರಾದ. ಕಬ್ಬು ಕಡಿಯುವ ಗುಂಪಿನ ಜೊತೆಗಿದ್ದ, ಕೈಯಲ್ಲಿ ಕೊಯಿತಾ.

"ಆರಾಮೇನ್ರಿ ಸಾಹೇಬ್ರ? ಮನಿ ನಿಂತಿತೇನ್ರಿ?"

"ನಿಂತೈತಿ" ಎಂದೆ. ಮುಂದಿನ ಮಾತು ಗಂಟಲಲ್ಲಿ ಸಿದ್ಧವಾಗಿತ್ತು. ಹೊರಗೆ ಬಂದದ್ದು ಇದು: "ಈ ವರ್ಷ ಕಬ್ಬು ಛಲೋ ಬಂದಂಗ ಐತಲ್ಲಪಾ?" ಅವನು ಹೌದ್ರಿ ಎಂದ. ಆಮೇಲೆ ಏನು ಮಾಡುವುದು ತಿಳಿಯದೆ, "ನನ್ನ ಬಸ್ ಬಂತು" ಎಂದು ಎದುರಿಗೆ ನಿಂತಿದ್ದ ಬಸ್ಸು ಹತ್ತಿಬಿಟ್ಟೆ. ಅದು ಮುಂಡಗೋಡಕ್ಕೆ ಹೊರಟಿತ್ತು! ಇಳಿಯೋಣವೆಂದರೆ ಅವನು ಕೆಳಗೇ ನಿಂತು ಕೈಬೀಸುತ್ತಿದ್ದ. ಕ್ಷಮೆ ಕೇಳಲಾರದೆ ಮುಂಡಗೋಡದ ಟಿಬೆಟನ್ ಕಾಲೊನಿಯವರೆಗೆ ಹೋದ ಮನುಷ್ಯ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಹೋದದ್ದಕ್ಕೆ ಸಾಕ್ಷಿಯಿರಲೆಂದು ಒಂದು ಸ್ವೆಟರ್ ತಂದೆ.

"ಬೆಲ್ಲಕ್ಕ ಹೋದವರು ಸ್ವೆಟರ್ ತಂದ್ರಿ?" ಎಂದಳು ನೀಲವ್ವ. ನನ್ನ ಮುಖ ನೋಡಿ ಬೆಲ್ಲದ ಖಾಲಿ ಡಬ್ಬಿಯನ್ನು ಹಾಗೇ ಮೇಲಿಟ್ಟಳು. ಆ ಸ್ವೆಟರನ್ನು ನಾನು ಈವರೆಗೆ ಹಾಕಿಕೊಂಡಿಲ್ಲ.

ಈಗ ರಸ್ತೆಯಲ್ಲಿ ಹೋಗುವವರು ಕಾರು ನಿಲ್ಲಿಸಿ ಮನೆಯ ಫೋಟೋ ತೆಗೆಯುತ್ತಾರೆ. "ಒಂದು ಮೊಳೆ ಇಲ್ಲವಂತೆ! ಯಾರು ಕೂರಿಸಿದ್ದು?" ಎಂದು ಕೇಳುತ್ತಾರೆ. ಇಷ್ಟು ದಿನ ನಾನು ಕೆಮ್ಮುತ್ತಿದ್ದೆ. ಇವತ್ತು ಆ ಹಳೆಯ ರಿಜಿಸ್ಟರು ತೆಗೆದು, ನಲವತ್ತೆಂಟೂ "ಸುಸ್ಥಿತಿ"ಗಳ ಮೇಲೆ ಗೀಟು ಹಾಕಿ, ಷರಾ ಕಾಲಮ್ಮಿನಲ್ಲಿ ಬರೆದಿದ್ದೇನೆ: ಸದರಿ ಬಡಗಿಯು ಗುರುತು ಹಾಕಲು ಮರೆತಿರುವುದಿಲ್ಲ. ಎರಡು ಸಲ ಹಾಕಿರುತ್ತಾನೆ. ಅಳಿಸಿದವನು ಕೆಳಗೆ ಸಹಿ ಮಾಡಿದವನು. ಬಡಗಿಯ ಹೆಸರು, ಬಸ್ತ್ಯಾಂವ ಸಿದ್ದಿ.