ಮಾಂಜ್ರಾ ಸೇತುವೆಯ ಅಡ್ಡಗಾಳಿಯವರಿಗೆ, ಓಡುವ ಮನೆಯವನ ದೂರು

ಮಾನ್ಯ ಅಡ್ಡಗಾಳಿಯವರೇ,

ಬೀದರದಿಂದ ಔರಾದಕ್ಕೆ ಹೋಗುವ ಹೆದ್ದಾರಿಯಲ್ಲಿ ಮಾಂಜ್ರಾ ಸೇತುವೆಯನ್ನೇ ಕೇಂದ್ರ ಕಚೇರಿ ಮಾಡಿಕೊಂಡು, ರಜೆ, ವರ್ಗಾವಣೆ, ನಿವೃತ್ತಿ ಯಾವುದರ ಹಂಗೂ ಇಲ್ಲದೆ ಪಡುವಣದಿಂದ ಸೇವೆ ಸಲ್ಲಿಸುತ್ತಿರುವ ತಮ್ಮ ಪಾದಗಳಿಗೆ, ಅವು ಎಲ್ಲಿವೆಯೆಂದು ತಿಳಿಯದ ಕಾರಣ ನಾಲ್ಕೂ ದಿಕ್ಕಿಗೆ ಒಂದೊಂದರಂತೆ, ನಮಸ್ಕಾರಗಳು. ತಮ್ಮ ಆರೋಗ್ಯ ಚೆನ್ನಾಗಿರುವುದನ್ನು ಕಳೆದ ವಾರ ನನ್ನ ಗಾಡಿಯ ಎಡ ಮಗ್ಗುಲು ಸ್ವತಃ ಅನುಭವಿಸಿ ಖಚಿತಪಡಿಸಿದೆ.

ನಾನು ಭಾಲಚಂದ್ರ. ಭಾಲ್ಕಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ, ನಿವೃತ್ತನಾಗಿ ಬೀದರದಲ್ಲಿ ಮನೆ ಮಾಡಿಕೊಂಡಿರುವವನು. ತಲೆಭಾರವಾದ ಲಾರಿ ಏಕೆ ಮಗುಚುತ್ತದೆ ಎಂಬ ಪಾಠಕ್ಕೆ ನಾನು ಹಲಗೆಯ ಮೇಲೆ ಬರೆಯುತ್ತಿದ್ದ ಚಿತ್ರ ಎಷ್ಟು ಚೆನ್ನಾಗಿರುತ್ತಿತ್ತೆಂದರೆ, ಪಕ್ಕದ ತರಗತಿಯವರೂ ಬಂದು ನೋಡಿ ಹೋಗುತ್ತಿದ್ದರು. ಈ ಹೆಗ್ಗಳಿಕೆಯನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ನನ್ನ ಮಾನ ಕಳೆಯಲು ಬೇಕಾಗುತ್ತದೆ.

ದೂರಿಗೆ ಮೂಲವಾದ ಗಾಡಿಯ ವಿಷಯ ಹೇಳಬೇಕು. ನನ್ನ ಪತ್ನಿ ಕುಮುದಿನಿಗೆ ಸಕ್ಕರೆ ಕಾಯಿಲೆ. ಬಸ್ಸಿನಲ್ಲಿ ಹೋಗುವುದಾದರೆ ನಡುದಾರಿಯಲ್ಲಿ ಎಲ್ಲಿ ಇಳಿಯುವುದು, ಯಾವ ಮರೆ ಹುಡುಕುವುದು ಎಂಬ ಅಂಜಿಕೆಗೆ ಅವಳು ಹಿಂದಿನ ದಿನದಿಂದಲೇ ನೀರು ಮುಟ್ಟುತ್ತಿರಲಿಲ್ಲ. ಹಾಗೆ ಒಣಗಿಕೊಂಡು ಹೋಗಿ ಒಂದು ಮದುವೆಯಲ್ಲಿ ಕೈಯಲ್ಲಿ ಅಕ್ಷತೆ ಹಿಡಿದೇ ಕುಸಿದು ಬಿದ್ದಳು. ಆಮೇಲೆ ಬಂಧುಬಳಗದ ಕಡೆಗೆ ಹೋಗುವುದನ್ನೇ ಬಿಟ್ಟಳು. ಅವಳೇ ಎತ್ತಿ ಆಡಿಸಿದ ತಂಗಿಯ ಮಗಳು ಗಾರ್ಗಿ ಬಸುರಿ, ಸೀಮಂತಕ್ಕೆ ಬರಬೇಕೆಂದು ಎಕಂಬಾದಿಂದ ಸುದ್ದಿ ಬಂದಾಗ, "ಕುಬಸಕ್ಕ ನಾ ಬರಂಗಿಲ್ಲ, ನೀವೇ ಹೋಗಿ ಹಸರ ಸೀರಿ ಕೊಟ್ಟ ಬರ್ರಿ" ಎಂದು ಗೋಡೆಯ ಕಡೆ ತಿರುಗಿ ಕುಳಿತಳು. ಮಾನ್ಯರೇ, ಆ ಬೆನ್ನು ನೋಡಿ ನನಗೆ ತಡೆಯಲಾಗದಷ್ಟು ಸಂಕಟವಾಯಿತು. ಒಂದು ಹಳೆಯ ಮಿನಿಬಸ್ಸು ಕೊಂಡೆ. ಅದರಲ್ಲಿ ಮಂಚ, ಒಲೆ, ಕಿಟಕಿಗೆ ಹೂವಿನ ಪರದೆ ಎಲ್ಲವೂ ಉಂಟು, ಆದರೆ ಅವೆಲ್ಲ ನೆಪ. ಮುಖ್ಯವಾದದ್ದು ಹಿಂದಿನ ಮೂಲೆಯ ಪುಟ್ಟ ಪಾಯಖಾನೆ.

ಪಾಯಖಾನೆಗೆ ನೀರು ಬೇಕು, ನೀರಿಗೆ ಟಾಕಿ ಬೇಕು. ಬೀದರದ ಮನುಷ್ಯ ಟಾಕಿಯನ್ನು ಮಾಳಿಗೆಯ ಮೇಲಲ್ಲದೆ ಇನ್ನೆಲ್ಲಿಟ್ಟಾನು? ಓಡುವ ಮನೆಯಾದರೂ ಮನೆ ಮನೆಯೇ ಎಂದು ನಾನು ವಾದಿಸಿದೆ. ಗಾಡಿ ಕಟ್ಟಿಕೊಟ್ಟ ಹಬೀಬನೂ ನನ್ನಷ್ಟೇ ಉತ್ಸಾಹಿ; ನೆತ್ತಿಯ ಮೇಲೆ ದೊಡ್ಡ ಕರಿ ಟಾಕಿ ಕೂಡಿಸಿ, ದೂರ ನಿಂತು ನೋಡಿ, "ಸರ್, ಇದು ಗಾಡಿ ಅಲ್ರಿ, ಮಹಲ್ ಅದ" ಎಂದ. ನಾನು ನಂಬಿದೆ. ಹೊಗಳಿಕೆಯನ್ನು ನಂಬದೆ ಬಿಟ್ಟ ದಾಖಲೆ ನನ್ನ ಬಾಳಿನಲ್ಲಿ ಇಲ್ಲ.

ಎಕಂಬಾದ ಕುಬಸಕ್ಕೆ ಹೊರಡುವ ದಿನ ಬೆಳಿಗ್ಗೆ ನಳಕ್ಕೆ ನೀರು ಬಂತು. ನಳ ಬಂದ ದಿನ ನಮ್ಮ ಓಣಿಯಲ್ಲಿ ಒಂದು ಚಮಚೆಯೂ ಖಾಲಿ ಉಳಿಯಬಾರದೆಂಬುದು ತಮಗೆ ಗೊತ್ತಿರಬಹುದು. ಮನೆಯ ಕೊಡ, ಬಕೆಟ್ಟು, ಪಾತೇಲಿ ಎಲ್ಲ ತುಂಬಿಸಿ, ಕೊನೆಗೆ ಪೈಪನ್ನು ಗಾಡಿಯ ನೆತ್ತಿಗೆ ಏರಿಸಿದೆವು. ಟಾಕಿ ಮುಕ್ಕಾಲಾಗುವ ಹೊತ್ತಿಗೆ ನಳ ನಿಂತಿತು. ಅಷ್ಟರಲ್ಲಿ ನೆರೆಮನೆಯ ಅಬ್ದುಲ ಮಜೀದರು ಔರಾದದಲ್ಲಿರುವ ಮಗಳು ಇರಮಳಿಗೆಂದು ಹೊಸ ಅರಳೆಯ ಗಾದಿ ತಂದರು. ನಮ್ಮ ಕಡೆ ಗಾಡಿ ಖಾಲಿ ಹೊರಟರೆ ಅದು ನೆರೆಯವರಿಗೆ ಮಾಡಿದ ಅವಮಾನ. ಒಳಗಿನ ಅಂದ ಕೆಡಬಾರದೆಂದು ಅದನ್ನೂ ಟಾಕಿಯ ಮಗ್ಗುಲಿಗೆ ನಿಲ್ಲಿಸಿ ಕಟ್ಟಿದೆ. ಗಟ್ಟಿ ಟಯರು ಗಟ್ಟಿಯಾಗಿ ನಿಲ್ಲುತ್ತದೆಂಬ ನನ್ನದೇ ಹೊಸ ಭೌತಶಾಸ್ತ್ರದ ಪ್ರಕಾರ ಗಾಲಿಗಳಿಗೆ ಕಲ್ಲಾಗುವವರೆಗೆ ಗಾಳಿ ಹೊಡೆಸಿದೆ. ಆ ಗಾಳಿ ತಮ್ಮ ಸಂಬಂಧಿಕರೇ ಇರಬೇಕು.

ಹೀಗೆ ಸರ್ವಾಲಂಕೃತನಾಗಿ ಬಂದ ನನ್ನನ್ನು ತಾವು ಸೇತುವೆಯ ಮೇಲೆ ಬರಮಾಡಿಕೊಂಡ ಬಗೆಯೇ ಈ ದೂರಿನ ತಿರುಳು. ತಾವು ಎಡದಿಂದ ಗುದ್ದಿದಿರಿ, ಗಾಡಿ ಬಲಕ್ಕೆ ಹೋಯಿತು. ಎದುರಿಗೆ ಬಂದ ಲಾರಿ ಮೊದಲು ನನ್ನನ್ನು ಎಡಕ್ಕೆ ನೂಕಿ, ದಾಟುತ್ತಲೇ ಬಲಕ್ಕೆ ಸೆಳೆಯಿತು. ಅದು ಬಿಟ್ಟ ಕೆಲಸವನ್ನು ತಾವು ಮುಂದುವರಿಸಿದಿರಿ. ಇಷ್ಟೊಂದು ಹೊಂದಾಣಿಕೆ ನಾನು ಯಾವ ಎರಡು ಇಲಾಖೆಗಳ ನಡುವೆಯೂ ಕಂಡಿಲ್ಲ. ಬೇಗ ದಾಟಿದರೆ ಬೇಗ ಮುಗಿಯುತ್ತದೆಂದು ನಾನು ವೇಗ ಹೆಚ್ಚಿಸಿದೆ; ಗಾಡಿ ಕುಡಿದವನ ಹಾಗೆ ಎರಡೂ ಬದಿಯವರಿಗೆ ನಮಸ್ಕರಿಸುತ್ತ ಓಡಿತು. ಸೇತುವೆ ದಾಟಿ ನಾಲ್ಕಾರು ಮನೆಗಳಿದ್ದ ಕಡೆ ಹೇಗೋ ನಿಲ್ಲಿಸಿದಾಗ ಕುಮುದಿನಿ ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ಬಿಗಿದು ಚೀಲದೊಳಗಿಟ್ಟಳು. "ಇಳಸ್ರಿ ನನ್ನ. ಬಸ್ಸಿಗಿ ಹೋಗ್ತೇನಿ" ಎಂದಳು.

ತಮ್ಮ ಎಲ್ಲ ಗುದ್ದುಗಳಿಗಿಂತ ಆ ಮುಚ್ಚಳ ಬಿಗಿದದ್ದು ನನಗೆ ಜೋರಾಗಿ ತಾಗಿತು. ಮತ್ತೆ ಒಣಗಿದ ತುಟಿ, ಮತ್ತೆ ಅದೇ ಅಂಜಿಕೆ. ನಾನು ಕಟ್ಟಿದ ಮಹಲು ಅವಳನ್ನು ಮೊದಲಿದ್ದ ಕಡೆಗೇ ತಂದು ಬಿಟ್ಟಿತ್ತು.

ಆಗಲೇ ರಸ್ತೆಯ ಬದಿ ಕುಳಿತು ತಮಗೆ ಸಲ್ಲಿಸಬೇಕಾದ ಬೇಡಿಕೆಗಳನ್ನು ಮನಸ್ಸಿನಲ್ಲಿ ಜೋಡಿಸತೊಡಗಿದೆ. ತಾವು ಬೀಸುವ ವೇಳಾಪಟ್ಟಿಯನ್ನು ಬಸ್ ನಿಲ್ದಾಣದಲ್ಲಿ ಅಂಟಿಸಬೇಕು. ಬೀದರದಿಂದ ಹೋಗುವವರಿಗೂ ಔರಾದದಿಂದ ಬರುವವರಿಗೂ ಏಕಕಾಲಕ್ಕೆ ಬೆನ್ನ ಹಿಂದಿನಿಂದಲೇ ಬೀಸಬೇಕು. ಲಾರಿ ಎದುರಾದಾಗ ಅದು ದಾಟುವವರೆಗೆ ಉಸಿರು ಬಿಗಿಹಿಡಿಯಬೇಕು. ನಿವೃತ್ತ ಉಪನ್ಯಾಸಕರಿಗೆ ಅರ್ಧ ಹೊಡೆತದ ರಿಯಾಯಿತಿ ಕೊಡಬೇಕು.

ಇನ್ನೂ ಬಹಳ ಇದ್ದವು. ಅಷ್ಟರಲ್ಲಿ ತಾವು ಥಟ್ಟನೆ ನಿಂತುಬಿಟ್ಟಿರಿ. ಇದಕ್ಕಿಂತ ದೊಡ್ಡ ಮೋಸವನ್ನು ತಾವು ನನಗೆ ಮಾಡಿಲ್ಲ. ಏಕೆಂದರೆ ಬೇಲಿಯ ಜಾಲಿ ಎಲೆ ಅಲುಗದೆ ನಿಂತಿದ್ದರೂ, ಎಂಜಿನ್ ಆರಿದ್ದರೂ, ಇಳಿಯಲೆಂದು ಕುಮುದಿನಿ ಮೆಟ್ಟಿಲಿಗೆ ಕಾಲಿಟ್ಟ ಅಷ್ಟಕ್ಕೇ ಗಾಡಿ ತೂಗಿತು, ತೂಗುತ್ತಲೇ ಇತ್ತು. ನೆತ್ತಿಯ ಮೇಲೆ ನೀರು ಆ ಕಡೆಯಿಂದ ಈ ಕಡೆಗೆ ಗುಳುಗುಳು ಓಡಾಡುತ್ತಿತ್ತು. ಅವಳು ತಲೆ ಎತ್ತಿ ನೋಡಿ, "ಗಾಳಿ ನಿಂತದಲ್ರಿ, ಇನ್ನ ಯಾಕ ತೂಗಾಡ್ಲಿಕತ್ತದ?" ಎಂದು ಕೇಳಿದಳು. ತಲೆಭಾರದ ಈ ಪ್ರಶ್ನೆಯನ್ನು ನಾನು ಎಷ್ಟು ಮಕ್ಕಳಿಗೆ ಕೇಳಿ, ಉತ್ತರ ಬರದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೋ. ಆ ಹೊತ್ತು ಅಲ್ಲಿ ಬೆಂಚು ಇರಲಿಲ್ಲವೆಂಬುದೊಂದೇ ಸಮಾಧಾನ.

ಟಾಕಿಯ ನೀರು ಬಿಟ್ಟರೆ ಗಾಡಿ ನಿಲ್ಲುತ್ತದೆ. ಆದರೆ ನಳದ ನೀರನ್ನು ಮಣ್ಣಿಗೆ ಬಿಡುವ ಕೈ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ. ಕುಮುದಿನಿ ಆ ಮನೆಗಳ ಕಡೆ ಹೋಗಿ ಹೆಂಗಸರನ್ನು ಕರೆದಳು. ಅವರು ಕೊಡಗಳೊಂದಿಗೆ ಬಂದವರೇ ಕರಿ ಟಾಕಿ ನೋಡಿ ನನ್ನನ್ನು ಸರಕಾರಿ ಟ್ಯಾಂಕರಿನವನೆಂದು ತಿಳಿದು, ಇಷ್ಟು ದಿನ ಎಲ್ಲಿ ಮಲಗಿದ್ದೆ, ನಮ್ಮ ಅರ್ಜಿ ಏನಾಯಿತು ಎಂದು ತರಾಟೆಗೆ ತೆಗೆದುಕೊಂಡರು. ನನಗೆ ಬೈಗುಳ ಸಲ್ಲಬೇಕಿತ್ತು. ಬೇರೆಯವರ ವಿಳಾಸಕ್ಕೆ ಬಂದದ್ದಾದರೂ ಇಟ್ಟುಕೊಂಡೆ.

ಟಾಕಿ ಬರಿದಾಯಿತು. ಒಂದು ಕೊಡ ನೀರನ್ನು ಮಾತ್ರ ಪಾಯಖಾನೆಗೆಂದು ಮಂಚದ ಕಾಲಿಗೆ, ನೆಲಕ್ಕೆ ಒತ್ತಿ ಕಟ್ಟಿದೆವು. ಇರಮಳ ಗಾದಿ ಒಳಗೆ ಬಂತು, ಗಾಲಿಗಳ ಗರ್ವ ತುಸು ಇಳಿಸಿದೆ, ಲಾರಿಗಳಿಗೆ ದಾರಿ ಬಿಟ್ಟು ನಿಧಾನಕ್ಕೆ ಹೊರಟೆ. ಕುಮುದಿನಿ ಕೊಡ ನೋಡುತ್ತ, "ಇಷ್ಟು ನೀರಿಗಿ ಇಷ್ಟ್ ದೊಡ್ಡ ಟಾಕಿ ಹೊತ್ತೀರಲ್ರಿ" ಎಂದಳು. ಅಷ್ಟರಲ್ಲಿ ತಾವೂ ಎದ್ದಿರಿ. ಗಾಡಿ ಒಮ್ಮೆ ಭುಜ ಕೊಡವಿ ತನ್ನ ದಾರಿಗೆ ತಾನು ಹೋಯಿತು. ಅವಳು ಚೀಲದಿಂದ ಬಾಟಲಿ ತೆಗೆದಳು, ಮುಚ್ಚಳ ಬಿಚ್ಚಿ ಲೋಟದ ಅಂಚಿನವರೆಗೆ ನೀರು ಸುರಿದಳು, ಲೋಟ ತುಳುಕಲಿಲ್ಲ. ಮೊದಲು ಒಂದು ಗುಟುಕು, ಆಮೇಲೆ ಎಲ್ಲ ಕುಡಿದಳು. ಎಕಂಬಾ ಇನ್ನೂ ದೂರವಿತ್ತು. ನಾನು ನೋಡುತ್ತಲೇ ಇದ್ದೆ. "ನನಗೇನ್ ನೋಡ್ತೀರಿ, ರಸ್ತಾ ನೋಡ್ರಿ" ಎಂದಳು.

ಆದಕಾರಣ ತಮ್ಮ ಮೇಲಿನ ದೂರನ್ನು ಈ ಮೂಲಕ ಹಿಂಪಡೆದಿದ್ದೇನೆ. ರಿಯಾಯಿತಿಯ ಬೇಡಿಕೆ ಮಾತ್ರ ಹಾಗೇ ಇರಲಿ.

ನಾಲ್ಕೂ ಗಾಲಿ ನೆಲದ ಮೇಲಿರುವಷ್ಟು ಹೊತ್ತು,
ತಮ್ಮ ವಿಶ್ವಾಸಿ,
ಭಾಲಚಂದ್ರ
ಬೀದರ

ತಾ.ಕ.: ಆ ಹೆಂಗಸರ ಅರ್ಜಿ ಯಾವುದೋ ಕಚೇರಿಯಲ್ಲಿ ಕಾಗದಗಳ ರಾಶಿಯ ಅಡಿಯಲ್ಲಿದೆಯಂತೆ. ತಾವು ಒಮ್ಮೆ ಕಿಟಕಿಯಿಂದ ಬೀಸಿ ಅದನ್ನು ಮೇಲಕ್ಕೆ ತರಬೇಕು. ಒಂದು ಮಹಲನ್ನೇ ಅಲ್ಲಾಡಿಸಿದವರಿಗೆ ಒಂದು ಹಾಳೆ ಯಾವ ಲೆಕ್ಕ. ಅದರ ಮೇಲೆ ಕುಳಿತವರು ಮಾತ್ರ ನನ್ನ ಗಾಡಿಗಿಂತ ಭಾರವಿದ್ದಾರೆಂದು ಕೇಳಿದ್ದೇನೆ.