ಸಿಗ್ರಿಡ್ ಸಾಯುವ ಪುಟ

ಆರ್ವಿಡ್ ಲೂಂಡ್‌ನ ಎಡವಟ್ಟೆಲ್ಲ ಶುರುವಾದದ್ದು ಕಂಪ್ಯೂಟರಿನ ಒಂದೇ ಒಂದು ಗುಂಡಿ ಒತ್ತಿದ್ದರಿಂದ.

ಹದಿಹರೆಯದವರಿಗಾಗಿ ಕಾದಂಬರಿ ಬರೆಯುವುದು ಅವನ ಕಸುಬು. ನಾಲ್ಕು ಬಂದಿವೆ, ನಾಲ್ಕರಲ್ಲೂ ಹದಿನೇಳು ತುಂಬುವುದರೊಳಗೆ ಯಾರಾದರೊಬ್ಬರು ಸತ್ತಿದ್ದಾರೆ. ಓದಿ ಅತ್ತ ಮಕ್ಕಳು ಅವನಿಗೆ ಕಾಗದ ಬರೆಯುತ್ತಾರೆ, ಆ ಮಕ್ಕಳ ಅಮ್ಮಂದಿರು ದಿನಸಿ ಅಂಗಡಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. ಐದನೆಯದರಲ್ಲಿ ಸಾಯಬೇಕಾದ ಹುಡುಗಿಗೆ ಮಾತ್ರ ಏನು ಮಾಡಿದರೂ ಒಳ್ಳೆಯ ಹೆಸರು ಹೊಳೆದಿರಲಿಲ್ಲ.

ಅಷ್ಟರಲ್ಲಿ ಟ್ಯಾಮರಾಕ್ ಫಾಲ್ಸ್ ಊರಿನ ಲೈಬ್ರರಿಯ ಮಾಡು ಸೋರಿ, ಸಹಾಯಾರ್ಥ ಹರಾಜು ನಡೆಯಿತು. ಕೇಕು, ಕೌದಿ, ಮೀನು ಹಿಡಿಯುವ ಗುಡಿಸಲಲ್ಲಿ ಒಂದು ದಿನ, ಇವುಗಳ ಪಕ್ಕದಲ್ಲಿ ಲೈಬ್ರರಿಯ ಲವೋನ್ ಒಂದು ಚೀಟಿ ಇಟ್ಟಳು: ‘ಲೂಂಡ್ ಅವರ ಮುಂದಿನ ಕಾದಂಬರಿಯ ನಾಯಕಿಗೆ ನಿಮ್ಮ ಹೆಸರು.’ ಗೆದ್ದವರು ಬರೆದುಕೊಟ್ಟ ಹೆಸರು ಸಿಗ್ರಿಡ್ ಟೋಫ್ಟ್. ಆ ಊರಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೆ ಒಬ್ಬ ಟೋಫ್ಟ್‌ಗೆ ತಾಗುತ್ತದೆ. ಯಾವುದೋ ಮುದುಕಿ ಇರಬೇಕು ಎಂದುಕೊಂಡು ಆರ್ವಿಡ್ ಗುಂಡಿ ಒತ್ತಿದ. ಖಾಲಿ ಬಿಟ್ಟಿದ್ದ ಮುನ್ನೂರ ಹನ್ನೆರಡು ಜಾಗದಲ್ಲೂ ಸಿಗ್ರಿಡ್ ಬಂದು ಕೂತಳು. ಇನ್ನೂರ ಹನ್ನೊಂದನೆಯ ಪುಟದಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಯೂ ಹೋದಳು.

ಮಾರ್ಚ್ ತಿಂಗಳ ಆ ಗುರುವಾರ ಬೆಳಿಗ್ಗೆ ಪೋಸ್ಟಾಫೀಸಿನಲ್ಲಿ ಮಾರ್ಲಿಸ್ ಟೋಫ್ಟ್ ಅವನ ತೋಳು ಹಿಡಿದು ನಿಲ್ಲಿಸಿದಳು. ಎಪ್ಪತ್ತು ದಾಟಿದ ಹೆಂಗಸು, ಚರ್ಚಿನ ಹಾಡಿನ ಗುಂಪಿನ ಮುಂದಾಳು.

“ಪುಸ್ತಕ ಇವತ್ತು ಅಚ್ಚಿಗೆ ಹೋಗತ್ತಂತಲ್ಲಪ್ಪ?”

“ಹೌದು, ಸಂಜೆ ಐದರೊಳಗೆ ಕೊನೇ ತಿದ್ದುಪಡಿ ಕಳಿಸ್ಬೇಕು. ಆಮೇಲೆ ಒಂದಕ್ಷರಾನೂ ಮುಟ್ಟೋ ಹಾಗಿಲ್ಲ.”

“ಅದ್ರಲ್ಲಿ ನಮ್ಮ ಸಿಗ್ರಿಡ್ ಚೆನ್ನಾಗಿದಾಳಾ?”

“ನಿಮ್ಮ ಸಿಗ್ರಿಡ್ ಅಂದ್ರೆ ಯಾರು?”

“ನನ್ನ ಮೊಮ್ಮಗಳು ಕಣಪ್ಪ. ನೀವೆಲ್ಲ ಪಿಪ್ ಪಿಪ್ ಅಂತೀರಲ್ಲ, ಅವಳೇ. ಸಿಗ್ರಿಡ್ ಅನ್ನೋದು ಸ್ಕೂಲಿನ ಹೆಸರು. ಹರಾಜಲ್ಲಿ ಗೆದ್ದು ಆ ಹೆಸರು ಬರ್ಕೊಟ್ಟಿದ್ದು ನಾನೇ.”

ಪಿಪ್‌ಗೆ ಹದಿನಾಲ್ಕು ವರ್ಷ. ಹೋದ ವರ್ಷ ಅದೇ ರಕ್ತದ ಕ್ಯಾನ್ಸರು ಬಂದು ಕೂದಲೆಲ್ಲ ಉದುರಿ, ಊರಿಗೆ ಊರೇ ಅವಳ ಚಿಕಿತ್ಸೆಯ ಖರ್ಚಿಗಾಗಿ ಪ್ಯಾನ್‌ಕೇಕ್ ಹುಯ್ದು ಮಾರಿತ್ತು. ಆರ್ವಿಡ್ ತಾನೇ ಆರು ತಿಂದಿದ್ದ. ಡಿಸೆಂಬರಿನಲ್ಲಿ ಡಾಕ್ಟರುಗಳು ಗುಣವಾಯಿತು ಎಂದರು. ಅಂದಿನಿಂದ ಆ ಹುಡುಗಿಯ ಎದುರು ಸಾವಿನ ಸುದ್ದಿ ಎತ್ತುವುದನ್ನೇ ಊರು ಬಿಟ್ಟಿತ್ತು. ಅವಳಿದ್ದಾಗ ಫೋನಿನ ಬ್ಯಾಟರಿ ಸತ್ತರೂ ‘ಮಲಗಿದೆ’ ಎನ್ನುತ್ತಿದ್ದರು.

ಅವನು ಮೊದಲು ಓಡಿದ್ದು ಲೈಬ್ರರಿಗೆ. ಓದಿ ನೋಡಲೆಂದು ಪ್ರಕಾಶಕರು ಮುಂಚಿತವಾಗಿ ಕಳಿಸಿದ್ದ ಒಂದು ಪ್ರತಿ ಅಲ್ಲಿರಬೇಕಿತ್ತು.

“ಅದು ಪಾಸ್ಟರ್ ಡ್ವೇನ್ ಹತ್ರ ಇದೆ. ಅಂದಹಾಗೆ ನಾಯಕಿ ಹೆಸರು ಬಾಗಿಲಿಗೆ ಹಾಕಿಸಿದೀನಿ, ನೋಡಿದ್ಯಾ?” ಎಂದಳು ಲವೋನ್. ಬಾಗಿಲಷ್ಟೇ ಉದ್ದದ ಕಾಗದ ಅದು. ಹೆಸರು ಬದಲಾಯಿಸಿ ಪಾರಾಗುವ ದಾರಿಯೂ ಮುಚ್ಚಿತು.

ಪಾಸ್ಟರ್ ಡ್ವೇನ್ ಚರ್ಚಿನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು.

“ಬೆಳಿಗ್ಗೆ ಪಿಪ್ ಸ್ಕೂಲಿಗೆ ಹೊರಟಿದ್ಳು, ಅವಳ ಕೈಗೇ ಕೊಟ್ಬಿಟ್ನಲ್ಲ. ನಾನು ನಲವತ್ತು ಪುಟ ಓದಿದ್ದೆ. ಅದ್ರಲ್ಲಿರೋ ಹುಡುಗಿ ಬಹಳ ಚೂಟಿ, ಹೆಸರೂ ಪಿಪ್‌ದೇ, ಖುಷಿಪಡ್ಲಿ ಅಂತ. ಯಾಕಯ್ಯ?”

“ಇನ್ನೂರ ಹನ್ನೊಂದನೇ ಪುಟದಲ್ಲಿ ಸಾಯ್ತಾಳೆ.”

ಪಾಸ್ಟರ್ ಲೋಟ ಕೆಳಗಿಟ್ಟರು. ಮೂವತ್ತು ವರ್ಷ ಊರಿನವರನ್ನೆಲ್ಲ ಮಣ್ಣು ಮಾಡಿಸಿದ ಮನುಷ್ಯ, ಅವರ ಮುಖವೇ ಬಿಳಿಚಿಕೊಂಡಿತು.

“ನಿನಗೇನಾದ್ರೂ ಬುದ್ಧಿ ಇದೆಯಾ? ಮೊದ್ಲು ಬದುಕಿಸು ಅವಳನ್ನ.”

“ಮುಖಪುಟದಲ್ಲಿ ಖಾಲಿ ಉಯ್ಯಾಲೆ ಹಾಕಿದಾರೆ ಪಾಸ್ಟರ್.”

“ಕಾಫಿ ಕುಡಿಯಕ್ಕೆ ಎದ್ದುಹೋಗಿದಾಳೆ ಅನ್ನು. ಯಾರಾದ್ರೂ ಸಾಯ್ಲೇಬೇಕು ಅಂದ್ರೆ ಅದ್ರಲ್ಲಿ ಒಂದು ನಾಯಿ ಇದೆಯಲ್ಲ, ಅದನ್ನ ಸಾಯ್ಸು.”

“ಮನುಷ್ಯರನ್ನ ಎಷ್ಟು ಬೇಕಾದ್ರೂ ಕೊಲ್ಲಬಹುದು. ನಾಯಿ ಸತ್ರೆ ಓದೋರು ನನ್ನ ಮನೆಗೆ ಬೆಂಕಿ ಇಡ್ತಾರೆ.”

“ಸರಿ, ಏನಾದ್ರೂ ಮಾಡು. ಈ ವಿಷಯ ನನ್ನ ಹೊಟ್ಟೇಲೇ ಇರತ್ತೆ.” ಪಾಸ್ಟರರ ಹೊಟ್ಟೆಯಲ್ಲಿ ಕಾಫಿ ಬಿಟ್ಟು ಬೇರೆ ಯಾವುದೂ ಒಂದು ಗಂಟೆಗಿಂತ ಹೆಚ್ಚು ನಿಂತದ್ದನ್ನು ಊರು ಕಂಡಿರಲಿಲ್ಲ.

ಹೈಸ್ಕೂಲಿನ ಕಚೇರಿಯಲ್ಲಿ ಗಾಜಿನ ಕಿಂಡಿಯ ಹಿಂದೆ ಕೂತ ಹೆಂಗಸು ಕನ್ನಡಕ ಸರಿಪಡಿಸಿಕೊಂಡು ಕೇಳಿದಳು, “ಏನಾಗ್ಬೇಕಿತ್ತು?”

“ಪಿಪ್ ಬ್ಯಾಗಿನಿಂದ ಒಂದು ಪುಸ್ತಕ ತೆಗೀಬೇಕಿತ್ತು. ಅವಳಿಗೆ ಗೊತ್ತಾಗದ ಹಾಗೆ.”

ಆ ಹೆಂಗಸು ಫೋನಿನ ಕಡೆ ಕೈ ಚಾಚಿದಳು. ತನ್ನ ಬಾಯಿಂದ ಬಂದ ಮಾತು ಕಿವಿಗೆ ಬಿದ್ದ ಮೇಲೆ ಆರ್ವಿಡ್‌ಗೂ ಅದು ಹೇಗೆ ಕೇಳಿಸುತ್ತದೆ ಎಂದು ಹೊಳೆಯಿತು. ಹಿಮದಲ್ಲಿ ಎರಡು ಸಲ ಜಾರಿ ಬಿದ್ದು ಮನೆ ಸೇರಿದ.

ಉಳಿದದ್ದು ಒಂದೇ ದಾರಿ. ಅಚ್ಚಾಗುವ ಪುಸ್ತಕದಲ್ಲಿ ಹುಡುಗಿ ಬದುಕಿಬಿಟ್ಟರೆ ‘ನೀನು ಓದಿದ್ದು ಹಳೇ ಪ್ರತಿ’ ಎನ್ನಬಹುದು. ನ್ಯೂಯಾರ್ಕಿನಲ್ಲಿದ್ದ ಸಂಪಾದಕಿ ಸಿಮೋನ್‌ಗೆ ಫೋನು ಹಚ್ಚಿದ.

“ಬದುಕ್ತಾಳಾ? ಆರ್ವಿಡ್, ನಿಮ್ಮ ಪುಸ್ತಕಾನ ಜನ ಅಳಕ್ಕೆ ಅಂತಾನೇ ಕೊಳ್ಳೋದು.”

“ಇದೊಂದು ಸಲ ಬೇಡ ಸಿಮೋನ್. ನಾನು ಈ ಊರಲ್ಲಿ ಬಾಳ್ಬೇಕು.”

“ನಿಮ್ಮಿಷ್ಟ. ಆದ್ರೆ ಸತ್ತಿದ್ದು ಎರಡು ಪುಟದಲ್ಲಿ, ಬದುಕೋದೂ ಅಷ್ಟರಲ್ಲೇ ಆಗ್ಬೇಕು. ನಿಮ್ಮೂರಿನ ಐದು ಗಂಟೆ, ಅಷ್ಟೇ.”

ಎರಡು ಪುಟದಲ್ಲಿ ಒಬ್ಬಳನ್ನು ಸಾಯಿಸುವುದು ಸುಲಭ, ಬದುಕಿಸುವುದು ಬಹಳ ಕಷ್ಟ. ಹೊಸ ಔಷಧಿ ತರಿಸಿದ, ಚಾಣಾಕ್ಷ ಡಾಕ್ಟರನ್ನು ತರಿಸಿದ, ಕಿಟಕಿಯಲ್ಲಿ ಬಿಸಿಲು ತಂದ. ಅಂಥ ಮುಕ್ತಾಯಗಳನ್ನು ಇಪ್ಪತ್ತು ವರ್ಷ ಆಡಿಕೊಂಡು ನಕ್ಕವನಿಗೆ ಒಂದೊಂದು ಸಾಲಿಗೂ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಈ ಹೊತ್ತಿಗೆ ಆ ಹುಡುಗಿ ಎಷ್ಟನೇ ಪುಟದಲ್ಲಿರಬಹುದು, ಒಬ್ಬಳೇ ಎಲ್ಲಿ ಕೂತು ಅಳುತ್ತಿರಬಹುದು ಎಂಬ ಭಯ ಅವನನ್ನು ಬಿಡಲಿಲ್ಲ. ಮೂರೂ ಮುಕ್ಕಾಲಿಗೆ ಕಳಿಸಿದ. ಪಾಸ್ಟರ್‌ಗೂ ಫೋನು ಮಾಡಿ “ಬದುಕಿದ್ಳು” ಎಂದ.

ನಾಲ್ಕಕ್ಕೆ ಬಾಗಿಲ ಗಂಟೆ ಹೊಡೆಯಿತು. ಪಿಪ್ ನಿಂತಿದ್ದಳು. ಬೆರಳುದ್ದ ಬೆಳೆದ ಕೂದಲು, ಕೆಂಪಾದ ಕಣ್ಣು, ಎದೆಗವಚಿಕೊಂಡ ಪುಸ್ತಕ.

“ಪೂರ್ತಿ ಓದಿದೆ, ಲೂಂಡ್ ಅಂಕಲ್.”

“ನೋಡಮ್ಮ, ಅದು ಹಳೇ ಪ್ರತಿ. ಈಗ ಬದಲಾಯಿಸಿದೀನಿ. ಸಿಗ್ರಿಡ್ ಸಾಯಲ್ಲ, ಗುಣವಾಗಿ ಮನೆಗೆ ಬರ್ತಾಳೆ.”

“ಯಾಕೆ?”

“ನಿನಗೆ ಬೇಜಾರಾಗಬಾರದಲ್ಲ.”

“ಗುಣವಾಗೋದನ್ನ ನಾನು ಮಾಡಿ ಮುಗಿಸಿದೀನಿ ಅಂಕಲ್. ಅದ್ರಲ್ಲಿ ಓದೋ ಅಂಥದ್ದೇನಿದೆ? ವಾಂತಿ, ಆಸ್ಪತ್ರೆಯ ಜೆಲ್ಲಿ, ಆಮೇಲೆ ಬಾಕಿ ಇರೋ ಲೆಕ್ಕದ ಹೋಮ್‌ವರ್ಕು.” ಅವಳು ಮೆಟ್ಟಿಲ ಮೇಲೆ ಕೂತಳು. “ಇವತ್ತು ಊಟದ ಹೊತ್ತಲ್ಲಿ ಇನ್ನೂರ ಹನ್ನೊಂದನೇ ಪುಟ ಗಟ್ಟಿಯಾಗಿ ಓದಿದೆ. ಇಡೀ ಟೇಬಲ್ಲೇ ಅತ್ತುಬಿಡ್ತು. ಆಸ್ಪತ್ರೆಯಿಂದ ಬಂದಾಗಿಂದ ನನ್ನ ಮುಂದೆ ಯಾರೂ ಅತ್ತೇ ಇಲ್ಲ ಗೊತ್ತಾ? ಬರೀ ನಗ್ತಾರೆ. ನಂಗೂ ನಕ್ಕೂ ನಕ್ಕೂ ದವಡೆ ನೋವು. ಇವತ್ತು ನನ್ನ ಕ್ಲಾಸಿನ ಟೋರಿನ್ ಬಂದು, ನೀನು ಸತ್ತೇ ಹೋಗ್ತೀಯ ಅಂತ ಭಯ ಆಗಿತ್ತು ಕಣೇ ಅಂದ. ನಂಗೂ ಆಗಿತ್ತು ಅಂದೆ. ಆಮೇಲೆ ನನ್ನ ಚಿಪ್ಸ್ ಕದ್ದ, ಮೊದ್ಲಿನ ಥರ.”

ಆರ್ವಿಡ್ ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತ.

“ದಯವಿಟ್ಟು ನನ್ನನ್ನ ಸಾಯಿಸಿ ಅಂಕಲ್. ಬಹಳ ಚೆನ್ನಾಗಿ ಸತ್ತಿದ್ದೆ.”

“ನಿಮ್ಮಜ್ಜಿ?”

“ಅಜ್ಜಿ ಇಂಥ ಪುಸ್ತಕ ಮುಟ್ಟೋದೂ ಇಲ್ಲ.”

ಅವನು ಸಿಮೋನ್‌ಗೆ ಮತ್ತೆ ಫೋನು ಮಾಡಿದ. ಅವಳು ನಾಲ್ಕು ಮಾತು ಅಂದಳು, ಅದರಲ್ಲಿ ಮೂರು ಇಲ್ಲಿ ಬರೆಯುವಂಥವಲ್ಲ. ಐದಕ್ಕೆ ಮೂರು ನಿಮಿಷ ಇರುವಾಗ ಸಿಗ್ರಿಡ್ ಎರಡನೆಯ ಸಲ ತೀರಿಕೊಂಡಳು. ಪಿಪ್ ಅವನ ಭುಜದ ಮೇಲಿಂದ ಬಗ್ಗಿ ಓದಿ, ಕೈಕುಲುಕಿ, ಸಿಳ್ಳೆ ಹಾಕುತ್ತ ಹೊರಟುಹೋದಳು. ಬೆಳಿಗ್ಗೆಯಿಂದ ಮೊದಲ ಸಲ ಆರ್ವಿಡ್ ಕುರ್ಚಿಗೆ ಬೆನ್ನು ಆನಿಸಿ ಕೂತ.

ಐದೂಕಾಲಿಗೆ ಮತ್ತೆ ಗಂಟೆ. ಮಾರ್ಲಿಸ್ ನಿಂತಿದ್ದಳು, ಕೈಯಲ್ಲಿ ಬಟ್ಟೆ ಮುಚ್ಚಿದ ಕೇಕಿನ ತಟ್ಟೆ.

“ಪಾಸ್ಟರ್ ಎಲ್ಲ ಹೇಳಿದ್ರು. ಮೊದ್ಲು ಕೇಳಿದಾಗ ನನ್ನ ಜೀವವೇ ಬಾಯಿಗೆ ಬಂತಪ್ಪ. ಹೋದ ಚಳಿಗಾಲ ಪೂರ್ತಿ ಆ ಮಗು ಉಸಿರಾಡ್ತಿದಾಳಾ ಅಂತ ನೋಡ್ಕೊಂಡು ಕೂತಿದ್ದೋಳು ನಾನು. ಕಾಗದದ ಮೇಲೂ ಅವಳು ಹೋಗೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ. ಆಮೇಲೆ ನೀನು ಬದುಕಿಸಿದೆ ಅಂತ ತಿಳೀತು. ಒಂದು ಗಂಟೆ ನಿದ್ದೆ ಮಾಡಿದೆ ನೋಡು, ವರ್ಷದ ಮೇಲೆ.”

“ಮಾರ್ಲಿಸ್ ಅವರೇ, ಅದು ಏನಾಯ್ತು ಅಂದ್ರೆ…”

“ನೀನೇನೂ ಹೇಳ್ಬೇಡ. ಭಾನುವಾರ ಪ್ರಾರ್ಥನೆ ಆದ್ಮೇಲೆ ಆ ಪುಟಾನ ನೀನೇ ಎಲ್ಲರ ಮುಂದೆ ಓದ್ಬೇಕು. ಪಾಸ್ಟರ್ ಆಗಲೇ ಚರ್ಚಿನ ಬೋರ್ಡಿಗೆ ಬರೆಸಿಬಿಟ್ರು, ನಾನು ಮುಂದಿನ ಬೆಂಚು ಹಿಡಿದಿದೀನಿ.” ತಟ್ಟೆಯನ್ನು ಅವನ ಕೈಗಿಟ್ಟು ಕಣ್ಣೊರೆಸಿಕೊಂಡಳು. “ಈಗ ಬರ್ತಾ ದಾರೀಲಿ ಪಿಪ್ ಸಿಕ್ಳು. ಭಾನುವಾರ ನಿನ್ನ ಪುಟ ಓದ್ತಾರೆ ಕಣೇ ಅಂದೆ. ಕುಣಿದಾಡಿಬಿಟ್ಳು. ಇಡೀ ಕ್ಲಾಸನ್ನೇ ಕರ್ಕೊಂಡು ಬರ್ತಾಳಂತೆ. ಒಬ್ಬೊಬ್ರೂ ಒಂದೊಂದು ಟಿಶ್ಯೂ ಡಬ್ಬ ತನ್ನಿ ಅಂತ ಫೋನಲ್ಲಿ ಹೇಳ್ತಿದ್ಳು. ಅದ್ಯಾಕೋ ನಂಗೆ ಗೊತ್ತಾಗಲಿಲ್ಲ.”