ನರ್ಸಮ್ಮನ ಕಷಾಯ

ಊರಿಗೆಲ್ಲ ಬುದ್ಧಿ ಹೇಳುವವರು ತಮ್ಮ ಅಡುಗೆಮನೆಯೊಳಗೆ ಯಾರನ್ನೂ ಬಿಟ್ಟುಕೊಳ್ಳಬಾರದು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಜ್ಜಂಪುರದಲ್ಲಿ ಹೆರಿಗೆ ನರ್ಸು. ಸುತ್ತಲ ಹಳ್ಳಿಗಳ ಅರ್ಧ ಮಕ್ಕಳು ನನ್ನ ಕೈಯಲ್ಲೇ ಮೊದಲ ಸಲ ಅತ್ತಿದ್ದು. ವಾರಕ್ಕೊಮ್ಮೆ ಹೆಂಗಸರನ್ನು ಕೂರಿಸಿ, ಗೋಡೆಯ ಚಿತ್ರಪಟಕ್ಕೆ ಕೋಲು ತಾಗಿಸಿ ಪಾಠ ಮಾಡುತ್ತಿದ್ದೆ: "ನೋಡ್ರಮ್ಮಾ, ಹೆಣ್ಣು ಹುಟ್ಟುವಾಗ್ಲೇ ಅಂಡಗಳನ್ನ ಹೊತ್ಕೊಂಡು ಬತ್ತಾಳೆ. ವಯಸ್ಸಾದಂಗೆ ಕಮ್ಮಿಯಾಗ್ತಾ ಹೋಗ್ತಾವೆ. ಮೂವತ್ತೈದಾದ್ಮೇಲೆ ತಡ ಮಾಡ್ದೆ ಡಾಕ್ಟರ್‌ಗೆ ತೋರ್ಸಿ. ಯಾವ ನಾರು ಬೇರೂ ಅವನ್ನ ವಾಪಸ್ ತರಲ್ಲ." ಹೇಳುವಾಗ ನನ್ನ ದನಿ ಒಂದಿಷ್ಟೂ ನಡುಗುತ್ತಿರಲಿಲ್ಲ. ಆಗ ನನಗೆ ಮೂವತ್ತಾರು, ಮಕ್ಕಳಿರಲಿಲ್ಲ, ಬೆಳಿಗ್ಗೆ ಎರಡು ಲೋಟ ಕಷಾಯ ಕುಡಿದೇ ಕೆಲಸಕ್ಕೆ ಬಂದಿರುತ್ತಿದ್ದೆ.

ತಪ್ಪು ನನ್ನೊಬ್ಬಳದೇ ಅಲ್ಲ. ಹಿರೇನಲ್ಲೂರಿನ ಗಂಗಜ್ಜಿಯ ಮೊಮ್ಮಗಳ ಹೆರಿಗೆ ಮಾಡಿಸಿದ್ದೆ. ಹೆರಿಗೆ ಮಾಡಿಸಿದವಳಿಗೆ ಸೀರೆ ಕೊಡುವುದು ರೂಢಿ. ಅಜ್ಜಿ ಮಾತ್ರ, "ಸೀರೆ ಯಾಕವ್ವಾ, ನಿನ್ನ ಮಡ್ಲು ತುಂಬ್ಲಿ" ಎಂದು ಶತಾವರಿ ಬೇರನ್ನು ನನ್ನ ಸೆರಗಿಗೆ ಹಾಕಿದಳು. "ಹಾಲಲ್ಲಿ ಅರ್ದು ಕುಡಿ. ಮೊಸ್ರು ಮುಟ್ಬ್ಯಾಡ." ಮುಂದಿನ ವಾರವೇ ತರೀಕೆರೆಯಿಂದ ನಮ್ಮತ್ತೆ ಅಶೋಕದ ಚಕ್ಕೆ ತಂದರು. "ಇದಕ್ಕೆ ಹಾಲು ಆಗಲ್ಲ ಕಣೇ, ಮೊಸರನ್ನ ತಿನ್ಬೇಕು." ಒಂದರ ಪಥ್ಯ ಇನ್ನೊಂದಕ್ಕೆ ಅಪಥ್ಯ. ನಾನು ತರಬೇತಿ ಪಡೆದವಳಲ್ಲವೇ, ಯೋಚಿಸಿ ಒಂದು ದಾರಿ ಕಂಡುಹಿಡಿದೆ. ಎರಡೂ ಮದ್ದನ್ನು ಬರೀ ನೀರಲ್ಲಿ ಕುಡಿದು, ಹಾಲು ಮೊಸರು ಎರಡನ್ನೂ ಬಿಟ್ಟು, ಮೂರು ವರ್ಷ ಕರಿಕಾಫಿಯಲ್ಲಿ ಕಳೆದೆ. "ಹಾಲಿನವನು ನಮ್ಮನ್ನ ಕಂಡ್ರೆ ಮುಖ ತಿರುಗಿಸ್ತಾನೆ ಕಣೇ" ಎಂದು ನಮ್ಮ ಯಜಮಾನರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಹುಟ್ಟಿದ ಕೂಸನ್ನು ಒರೆಸಿ ಅದರ ತಾಯಿಯ ಪಕ್ಕದಲ್ಲಿ ಮಲಗಿಸುವ ಮುನ್ನ ಪ್ರತಿಸಲವೂ ಒಂದು ಗಳಿಗೆ ಹೆಚ್ಚಿಗೆ ಎತ್ತಿಕೊಂಡೇ ಇರುತ್ತಿದ್ದೆ.

ಮೂವತ್ತೊಂಬತ್ತಕ್ಕೆ ಕಡೂರಿನ ಲೇಡಿ ಡಾಕ್ಟರ ಮುಂದೆ ಹೋಗಿ ಕುಳಿತೆ. ಅವರು ಪರೀಕ್ಷೆ ಮಾಡಿ, ಕಷಾಯದ ಕಥೆಯನ್ನೆಲ್ಲ ಕೇಳಿ, ಕನ್ನಡಕ ತೆಗೆದಿಟ್ಟರು. "ಮೂರು ವರ್ಷದ ಹಿಂದೆ ಬಂದಿದ್ರೆ ಏನಾದ್ರೂ ಮಾಡ್ಬಹುದಿತ್ತು. ಈಗ ಕಷ್ಟ. ನೀವೇ ನರ್ಸು, ನಿಮಗೆ ಗೊತ್ತಿರ್ಲಿಲ್ವೇನ್ರೀ?" ಗೊತ್ತಿತ್ತು. ಬಾಯಿಪಾಠವೇ ಆಗಿತ್ತು. ಬೀರೂರು ಬರುವವರೆಗೂ ಬಸ್ಸಿನ ಕಿಟಕಿಗೆ ಮುಖ ಮಾಡಿ ಅಳುತ್ತಲೇ ಇದ್ದೆ. ಅಜ್ಜಂಪುರದಲ್ಲಿ ಇಳಿಯುವಷ್ಟರಲ್ಲಿ ಮುಖ ಒರೆಸಿಕೊಂಡು ಮತ್ತೆ ಊರಿನ ನರ್ಸಮ್ಮನಾಗಿದ್ದೆ.

ಮರುದಿನ ಮೂವತ್ತೈದರ ಒಬ್ಬ ಹೆಂಗಸು ಪೊಟ್ಟಣ ಹಿಡಿದು ಬಂದಳು. "ಮಕ್ಕಳಾಗ್ಲಿ ಅಂತ ಬೇರು ಕೊಟ್ಟವ್ರೆ. ಕುಡೀಲಾ ಸಿಸ್ಟರ್?" ನನಗೆ ಎಲ್ಲಿತ್ತೋ ಸಿಟ್ಟು. "ಒಂದು ದಿನಾನೂ ಕಾಯ್ಬ್ಯಾಡ ಕಣಮ್ಮಾ, ಇವತ್ತೇ ಕಡೂರಿಗೆ ಹೋಗು" ಎಂದು ಗದರಿ, ಡಾಕ್ಟರಿಗೆ ಚೀಟಿ ಬರೆದುಕೊಟ್ಟು, ನಾನೇ ಬಸ್ಸು ಹತ್ತಿಸಿ ಬಂದೆ. ಅಂಥ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಈಗಲೂ ಧೈರ್ಯವಾಗಿ ಹೇಳುತ್ತೇನೆ. ವಾಪಸ್ ಬಂದು ನೋಡಿದರೆ ಅವಳ ಪೊಟ್ಟಣ ನನ್ನ ಮೇಜಿನ ಮೇಲೇ ಇತ್ತು. ಬಿಸಾಡೋಣ ಎಂದು ಕಿಟಕಿಯವರೆಗೆ ಹೋದೆ. ಬಿಚ್ಚಿ ನೋಡಿದೆ. ಆಗತಾನೇ ಕಿತ್ತ ಹಸಿ ಬೇರು, ಬೆರಳು ದಪ್ಪ; ಅಷ್ಟು ಒಳ್ಳೆಯದನ್ನು ನನಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಅತ್ತಿತ್ತ ನೋಡಿ, ನನ್ನ ಚೀಲಕ್ಕೆ ಹಾಕಿಕೊಂಡೆ.